ಕೇಳದೆ ಇಡುವ ನೀರು

ಫೆಬ್ರವರಿ 16

ಹೋಟೆಲಿಗೆ ಗ್ಯಾಸ್ ಹಾಕುವವರು ಕೊಟ್ಟ ಡೈರಿ ಇದು. ಪ್ರತಿ ವರ್ಷ ಕೊಡುತ್ತಾರೆ, ಪ್ರತಿ ವರ್ಷ ನಾನು ಹಾಳೆ ಹರಿದು ವಡೆಯ ಎಣ್ಣೆ ಹೀರಲಿಕ್ಕೆ ಹಾಕುತ್ತೇನೆ. ಈ ಸಲ ಸೊಸೆ ಸುಮೇಧಾ ಕಸಿದುಕೊಂಡಳು. "ಮಾವ, ಬಿ.ಪಿ. ನೋಡಿ ಡಾಕ್ಟರು ಎಂತ ಹೇಳಿದ್ರು? ಬೈಯಬೇಕು ಅನಿಸಿದ್ರೆ ಇದರಲ್ಲಿ ಬೈಯಿರಿ. ಗಿರಾಕಿಗಳಾದರೂ ಉಳೀತಾರೆ." ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಅಕ್ಷರ ಸೊಟ್ಟ ಆದೀತು, ಬೈಗುಳ ಸೊಟ್ಟ ಆಗುದಿಲ್ಲ. ಬರೆಯುತ್ತೇನೆ.

ಇವತ್ತಿನ ಬೈಗುಳ ನಮ್ಮ ಬಿಲ್ಡಿಂಗಿನ ಸೊಸೈಟಿ ಸೆಕ್ರೆಟರಿ ಅಂಬಾದಾಸನಿಗೆ. ಸೊಲ್ಲಾಪುರದವನು, ಕನ್ನಡ ಚೆನ್ನಾಗಿ ಬರುತ್ತದೆ, ಜಗಳಕ್ಕೆ ಮಾತ್ರ ಮರಾಠಿ. ಇಡ್ಲಿ ರಶ್ಶಿನ ಹೊತ್ತಿಗೇ ಗಲ್ಲಾದ ಎದುರು ಬಂದು ನಿಂತ. "ಅಣ್ಣಾ, ಈ ಸಲ ಮಳಿ ಕೈಕೊಟ್ಟದ. ಈಗೇ ವಾರಕ್ಕೊಂದು ದಿನ ನೀರು ಬಂದ್. ಏಪ್ರಿಲ್, ಮೇ ಏನ್ ಗತಿ? ಈಗಿಂದಾನ ತಯಾರಿ ಮಾಡಬೇಕು ಅಂತ ಮೀಟಿಂಗಿನಾಗ ಠರಾವ್ ಆಗ್ಯದ."

ತಯಾರಿ ಅಂದರೆ ಎಂತ ಅಂತ ಕೇಳಿದೆ. ತಯಾರಿ ಅಂದರೆ ನಾನು. ಬಿಲ್ಡಿಂಗಿನ ಟೆರೇಸಿನ ನೀರಿನ ಟಾಕಿಯಿಂದ ಕೆಳಗೆ ನನ್ನ ಹೋಟೆಲಿಗೆ ಬರುವ ಪೈಪಿಗೆ ಮೀಟರು ಕೂಡಿಸುತ್ತಾರಂತೆ. ಗುಡಿಪಾಡ್ವದ, ಅಂದರೆ ಯುಗಾದಿಯ, ಒಳಗೆ ನನ್ನ ನೀರು ಅರ್ಧಕ್ಕೆ ಇಳಿಯಬೇಕು. ಇಳಿಯದಿದ್ದರೆ ವಾಲ್ವ್ ಬಂದ್. ಆಮೇಲೆ ಸಾಂಬಾರನ್ನು ನಾನು ಬಾಯಿಮಾತಿನಲ್ಲಿ ಕುದಿಸುದಾ?

ಹೋಗುವಾಗ ಒಂದು ಬೋರ್ಡು ಕೊಟ್ಟುಹೋದ. 'ಕೇಳಿದರೆ ಮಾತ್ರ ನೀರು ಕೊಡಲಾಗುವುದು' ಅಂತ ಮರಾಠಿಯಲ್ಲೂ ಹಿಂದಿಯಲ್ಲೂ ಬರೆದದ್ದು. ನಮ್ಮ ಈ ಕೋಪರಿ ಪೇಟೆಯಿಂದ ಸ್ಟೇಷನ್ನಿನವರೆಗೆ ಎಲ್ಲ ಹೋಟೆಲಿನವರೂ ತೂಗುಹಾಕಿದ್ದಾರಂತೆ. ಹಾಕಲಿ. ನನ್ನಲ್ಲಿ ಮನುಷ್ಯ ಕೂತ ಕೂಡಲೇ ಎದುರಿಗೆ ನೀರು ಬರುತ್ತದೆ. ಎಂತ ಬೇಕು ಅಂತ ಕೇಳುದು ಆಮೇಲೆ. ನೀರು ಇಟ್ಟಮೇಲೆ ಅವನು ಗಿರಾಕಿ, ಬರೀ ಅರ್ಧ ಕಪ್ಪಿನ ಕಟಿಂಗ್ ಚಾ ಕುಡಿದರೂ ಗಿರಾಕಿ. ಅವನನ್ನು ಏಳು ಅನ್ನಲಿಕ್ಕೆ ಯಾರಿಗೂ ಬಾಯಿ ಬರುದಿಲ್ಲ. ಊರಿನಿಂದ ಬಂದು ಹೋಟೆಲು ಸೇರಿದ ಮೊದಲ ದಿನ ನಾನು ಕಲಿತ ಕೆಲಸ ಅದು. ಕಲಿಸಿದವರು ತಲೆಗೆ ಕುಟ್ಟಿ ಕಲಿಸಿದ್ದರು.

ಬೋರ್ಡನ್ನು ಮಗುಚಿ ದೋಸೆಹಿಟ್ಟಿನ ಪಾತ್ರೆಗೆ ಮುಚ್ಚಿದೆ. ಅಳತೆ ಮಾಡಿ ಮಾಡಿಸಿದ ಹಾಗೆ ಕೂತಿತು.

ಫೆಬ್ರವರಿ 18

ಮೀಟರು ಕೂಡಿಸಿದರು. ಅದು ತಿರುಗುದನ್ನು ನೋಡಿದರೆ ನನ್ನ ತಲೆಯೂ ತಿರುಗುತ್ತದೆ.

ಸುಮೇಧಾ ಹೇಳಿದಳು, "ಮಾವ, ಒಂದು ದಿನ ನಾನು ಗಲ್ಲಾದಲ್ಲಿ ಕೂರ್ತೇನೆ. ನೀವು ಒಳಗೆ ನಿಂತು ನೀರು ಎಲ್ಲಿ ಹೋಗ್ತದೆ ನೋಡಿ." ಗಲ್ಲಾದಲ್ಲಿ ನಾನಲ್ಲದೆ ಇನ್ನೊಬ್ಬರು ಕೂತದ್ದಿಲ್ಲ. ನನ್ನ ಮಗ ಮಧ್ವೇಶನೇ ಕೂತಿಲ್ಲ, ಬೇಲಾಪುರದ ಆಫೀಸೇ ಚಂದ ಅಂತ ಹೋದ. ಇವಳಿಗೆ ಎಂತಕ್ಕೆ ಆ ಉಸಾಬರಿ? ಕೂರುದು ಬೇಡ ಅಂದೆ. ಅವಳು ಹೋಗಿ ಮೀಟರಿನ ಅಂಕಿ ಬರೆದುಕೊಂಡು ಬಂದಳು. ಆ ಲೆಕ್ಕ ನನಗೆ ಆಗುದಿಲ್ಲ.

ನಾನೇ ಗಲ್ಲಾಕ್ಕೆ ಬೀಗ ಹಾಕಿ ಒಳಗೆ ಹೋದೆ. ಪಾತ್ರೆ ತೊಳೆಯುವ ದಾನಮ್ಮ ವಿಜಯಪುರದ ಕಡೆಯವಳು, ನನ್ನ ಬಾಯಿಗೆ ಹೆದರದ ಜಾತಿ. ನಲ್ಲಿ ಸಣ್ಣಗೆ ಬಿಡು ಅಂದದ್ದಕ್ಕೆ, "ನಳಾ ಸಣ್ಣ ಬಿಡತೀನ್ರಿ ಅಣ್ಣಾ. ಮೊದಲ ಇದನ್ನ ನೋಡ್ರಿ" ಅಂತ ಬಕೆಟ್ಟು ತೋರಿಸಿದಳು. ಮೇಜಿನಿಂದ ಬಂದ ಗ್ಲಾಸುಗಳಲ್ಲಿ ಕುಡಿದು ಉಳಿದ ನೀರನ್ನೆಲ್ಲ ಅದಕ್ಕೆ ಸುರಿದಿದ್ದಳು. ಬಕೆಟ್ಟು ಕಂಠಮಟ್ಟ.

"ಇದು ಬರೇ ಮುಂಜಾನಿಂದು. ನಿಮ್ಮ ಮರ್ಯಾದಿನ ದಿನಾ ನಾ ಗಟಾರಕ್ಕ ಚೆಲ್ಲತೀನಿ."

ಬಾಯಿ ಜಾಸ್ತಿ ಆಯಿತು ಅಂದೆ. ಬಕೆಟ್ಟನ್ನು ಎರಡು ಸಲ ಹೋಗಿ ನೋಡಿಬಂದೆ.

ಫೆಬ್ರವರಿ 21

ಉಪಾಯ ಮಾಡಿದ್ದೆ. ಗ್ಲಾಸು ಅರ್ಧ ತುಂಬಿಸಿ ಇಡುದು. ಮರ್ಯಾದೆಯೂ ಉಳಿಯಿತು, ನೀರೂ ಉಳಿಯಿತು.

ಬೆಳಗ್ಗೆ ಹೃಷೀಕೇಶ ಭಟ್ಟರು ಬಂದರು. ಬ್ಯಾಂಕಿನಲ್ಲಿದ್ದು ರಿಟೈರಾದವರು, ನಮ್ಮೂರ ಕಡೆಯವರೇ. ಗೋಡೆಬದಿಯ ಮೇಜು ಅವರಿಗೆ ಬರೆದುಕೊಟ್ಟ ಹಾಗೆ. ಕೂತರು, ಗ್ಲಾಸು ನೋಡಿದರು, ಕೈ ಸುಟ್ಟವರ ಹಾಗೆ ಹಿಂದೆ ತೆಗೆದರು.

"ಇದು ಯಾರದ್ದು ಎಂಜಲು?"

ಎಂಜಲಲ್ಲ ಭಟ್ರೆ, ಈಗಷ್ಟೇ ಇಟ್ಟದ್ದು ಅಂದೆ. "ಈಗಷ್ಟೇ ಇಟ್ಟದ್ದಾದರೆ ಉಳಿದರ್ಧ ಯಾರ ಹೊಟ್ಟೆಯಲ್ಲುಂಟು?" ಅಂದರು. ಪಕ್ಕದ ಮೇಜಿನವನೂ ತನ್ನ ಗ್ಲಾಸನ್ನು ದೂರ ತಳ್ಳಿದ. ಅವನ ಹಿಂದಿನವನೂ ತಳ್ಳಿದ. ಒಬ್ಬನ ಎಂಜಲು ಇನ್ನೊಬ್ಬನಿಗೆ ಇಡುವ ಹೋಟೆಲು ಅಂತ ಒಂದೇ ಬೆಳಗಿಗೆ ಹೆಸರಾಯಿತು. ಭಟ್ಟರು ಇಡ್ಲಿ ತಿನ್ನದೆ ಎದ್ದುಹೋದರು. ಇಷ್ಟು ವರ್ಷದಲ್ಲಿ ಅವರು ತಿನ್ನದೆ ಹೋದದ್ದು ಏಕಾದಶಿಗೆ ಮಾತ್ರ.

ಫೆಬ್ರವರಿ 24

ಸಣ್ಣ ಗ್ಲಾಸು ತಂದೆ. ತುಂಬಿಸಿಯೇ ಇಟ್ಟೆ. ರಿಕ್ಷಾದವನೊಬ್ಬ ಒಂದನ್ನು ಎತ್ತಿ ಬೆಳಕಿಗೆ ಹಿಡಿದು, "ಅಣ್ಣಾ, ಚಕಣಾ ಎಲ್ಲಿ?" ಅಂದ. ಸಾರಾಯಿಯ ಜೊತೆ ನಂಜಿಕೊಳ್ಳುದಕ್ಕೆ ಚಕಣಾ ಅನ್ನುದು. ಇಡೀ ಹೋಟೆಲು ನಕ್ಕಿತು. ಒಳಗೆ ದಾನಮ್ಮನೂ ನಕ್ಕಳು.

ಆ ಗ್ಲಾಸುಗಳನ್ನು ಕಟ್ಟಿ ಅಟ್ಟಕ್ಕೆ ಎಸೆದೆ. ಇನ್ನು ಬರೆಯುದಿಲ್ಲ. ಬಿ.ಪಿ. ಬರೆದರೂ ಏರುತ್ತದೆ.

ಮಾರ್ಚ್ 2

ಇವತ್ತು ಬರೆಯದೆ ನಿದ್ದೆ ಬಾರದು.

ಮಂಡಿನೋವಿಗೆ ಡಾಕ್ಟರ ಹತ್ತಿರ ಹೋಗಿದ್ದೆ. ಅಲ್ಲಿ ಸಾಲು. ಬರುವಾಗ ಮಧ್ಯಾಹ್ನದ ಊಟ ಮುಗಿಯುತ್ತ ಬಂದಿತ್ತು. ಗೋಡೆಯ ಮೇಲೆ ಆ ಬೋರ್ಡು. ಹಿಟ್ಟಿನ ಪಾತ್ರೆಯಿಂದ ತೆಗೆದು, ಒರೆಸಿ, ಮೊಳೆ ಹೊಡೆದು ಹಾಕಿದ್ದಾಳೆ ಸುಮೇಧಾ. ಮೇಜಿನ ಮೇಲೆ ಒಂದು ಗ್ಲಾಸಿಲ್ಲ. ಅವಳು ಗಲ್ಲಾದ ಪಕ್ಕ ಸ್ಟೂಲು ಹಾಕಿ ಕೂತಿದ್ದಾಳೆ. ಗಲ್ಲಾದಲ್ಲಿ ಕೂರಲಿಲ್ಲ, ಪಕ್ಕದಲ್ಲಿ ಕೂತದ್ದು. ಜಾಣತನ.

"ಒಂದೇ ದಿನ ಟ್ರೈ ಮಾಡಿದೆ ಮಾವ. ಮೀಟರ್ ನೋಡಿ, ಎಷ್ಟು ಕಮ್ಮಿ ಆಗಿದೆ."

ಸ್ಟೇಷನ್ನಿನಲ್ಲಿ ಮೂಟೆ ಹೊರುವ ಸೈದಪ್ಪ ಅಷ್ಟೊತ್ತಿಗೆ ಊಟ ಮುಗಿಸಿ ಹೊರಟಿದ್ದ. ಕಲಬುರಗಿಯವನು, ಮಾತು ಕಡಿಮೆ. ಬಾಗಿಲಿನಲ್ಲಿ ನಿಂತು ಗಂಟಲಿನಲ್ಲಿ ಸಿಕ್ಕಿದ ಅನ್ನವನ್ನು ಎದೆಗೆ ಗುದ್ದಿ ಇಳಿಸಿಕೊಂಡ. ರಸ್ತೆ ದಾಟಿ ಸ್ಟೇಷನ್ನಿನ ಕಡೆ ನಡೆದ. ನಾನು ನೋಡುತ್ತ ನಿಂತಿದ್ದೆ.

ನನ್ನ ಹೋಟೆಲಿನಲ್ಲಿ ಉಂಡವನು ನೀರು ಹುಡುಕಿಕೊಂಡು ಹೋದ.

ಬೋರ್ಡು ಕಿತ್ತೆ. ಮೊಳೆಯ ಜೊತೆ ಗೋಡೆಯ ಸಿಮೆಂಟೂ ಬಂತು. ಬಾಯಿಗೆ ಬಂದದ್ದೆಲ್ಲ ಅಂದೆ. ಡೈರಿಯಲ್ಲಿ ಅಲ್ಲ, ಬಾಯಲ್ಲಿಯೇ. ಸುಮೇಧಾ ಕೇಳಿ ಮುಗಿಸಿ, "ಆಯ್ತು. ಬೋರ್ಡು ಬೇಡ. ಗುಡಿಪಾಡ್ವಕ್ಕೆ ವಾಲ್ವ್ ಬಂದ್ ಆದ್ರೆ ಅವನಿಗೆ ನೀರೂ ಇಲ್ಲ, ಊಟವೂ ಇಲ್ಲ. ಅದಕ್ಕೆ ಎಂತ ಮಾಡುವ, ಅದನ್ನು ಹೇಳಿ" ಅಂದಳು.

ಬೋರ್ಡನ್ನು ಪುನಃ ಹಿಟ್ಟಿನ ಪಾತ್ರೆಗೆ ಮುಚ್ಚಿದೆ. ಅವಳು ಹೇಳಿದ್ದು ಸರಿ, ಅದಕ್ಕೇ ಇನ್ನೂ ಸಿಟ್ಟು.

ಮಾರ್ಚ್ 3

ಸೈದಪ್ಪ ಬಂದ. ತುಂಬಿದ ಗ್ಲಾಸು ನಾನೇ ಇಟ್ಟು ಕೇಳಿದೆ, "ನಿನ್ನೆ ಬಾಯಿ ಇರಲಿಲ್ಲವಾ ನಿನಗೆ? ನೀರು ಅಂದರೆ ಕೊಡುತ್ತಿರಲಿಲ್ಲವಾ?"

"ಬೋರ್ಡ್ ಹಾಕಿದ್ರಲ್ರಿ ಅಣ್ಣಾ. ಕೇಳಿದ್ರ ರೊಕ್ಕಾನೋ ಏನೋ. ಕೇಳಾದು ಬ್ಯಾಡ ಅನ್ನಸ್ತು." ಗ್ಲಾಸು ಖಾಲಿ ಮಾಡಿ ಇಟ್ಟು, "ಊರಾಗ ಬ್ಯಾಸಗಿ ಬಂತಂದ್ರ ದಿನಾ ಮಂದಿ ಬಾಗಿಲಿಗೆ ನೀರು ಕೇಳಾದೇ ಇತ್ರಿ. ಇಲ್ಲಿ ಬಂದು ಬಿಟ್ಟೀನಿ ಅದನ್ನ."

ಇಷ್ಟುದ್ದ ಅವನು ಮಾತಾಡಿದ್ದು ಇದೇ ಮೊದಲು. ನಾನು ಸಾಂಬಾರು ಉಕ್ಕಿತು ಅಂತ ಒಳಗೆ ಹೋದೆ. ಉಕ್ಕಿರಲಿಲ್ಲ.

ಮಾರ್ಚ್ 8, ಭಾನುವಾರ

ಡೊಂಬಿವಲಿಯಲ್ಲಿ ತಂಗಿಯ ಮೊಮ್ಮಗನ ಉಪನಯನ. ದೊಡ್ಡ ಹಾಲು, ಸಾವಿರ ಲೈಟು. ಪ್ರತಿ ಎಲೆಯ ಮುಂದೆ ಒಂದೊಂದು ಪುಟ್ಟ ಪ್ಲಾಸ್ಟಿಕ್ ಬಾಟಲಿ. ಒಂದು ಪಂಕ್ತಿ ಎದ್ದ ಮೇಲೆ ನೋಡಬೇಕು, ಒಂದೊಂದು ಗುಟುಕು ಕುಡಿದು ಬಿಟ್ಟ ಬಾಟಲಿಗಳು ದಂಡು ಕಟ್ಟಿ ನಿಂತಿದ್ದವು. ಈ ಬರಗಾಲದಲ್ಲಿ. ನಾನು ತಂಗಿಯ ಗಂಡನಿಗೆ ಎರಡು ಮಾತು ಹೇಳಿದೆ. ಅವನು ಮೂರು ಹೇಳಿದ.

ವೈದಿಕರ ಪಂಕ್ತಿ ಒಳಗೆ ಬೇರೆ. ಅಲ್ಲಿ ಬಾಟಲಿ ನಡೆಯುದಿಲ್ಲ. ಮೂತಿಯ ಗಿಂಡಿ ಹಿಡಿದು ಒಬ್ಬರು ಎಲೆಯಿಂದ ಎಲೆಗೆ ಬಗ್ಗಿ ಲೋಟಕ್ಕೆ ಹೊಯ್ಯುತ್ತ ಹೋಗುತ್ತಿದ್ದರು. ಯಾರೂ ನೀರು ಅಂತ ಬಾಯಿ ಬಿಡಲಿಲ್ಲ. ಸಾಕಾದವರು ಮಾತು ನಿಲ್ಲಿಸದೆ, ತಲೆ ಎತ್ತದೆ, ಲೋಟದ ಮೇಲೆ ಅಂಗೈ ಅಡ್ಡ ಹಿಡಿಯುತ್ತಿದ್ದರು. ಗಿಂಡಿ ಮುಂದೆ ಹೋಗುತ್ತಿತ್ತು. ಅವರು ಎದ್ದ ಮೇಲೆ ಲೋಟಗಳನ್ನು ಬಗ್ಗಿ ನೋಡಿದೆ. ಖಾಲಿ.

ಸಣ್ಣಂದಿನಿಂದ ನಾನೂ ಹಾಗೇ ಅಂಗೈ ಹಿಡಿದವನು.

ಬರುವಾಗ ಲೋಕಲಿನಲ್ಲಿ ಸುಮೇಧಾ ಕೇಳಿದಳು, "ಮಾವ, ಯಾಕೆ ಸುಮ್ಮನಾದ್ರಿ? ಹೋಳಿಗೆ ಜಾಸ್ತಿ ಆಯ್ತಾ?" ನಮ್ಮ ಅಟ್ಟದಲ್ಲಿ ದೊಡ್ಡ ಗಿಂಡಿ ಇತ್ತಲ್ಲ, ಉಂಟಾ ಅಂತ ಕೇಳಿದೆ.

ಮಾರ್ಚ್ 10

ಗಿಂಡಿಯನ್ನು ಹುಣಸೆಹುಳಿ ಹಾಕಿ ನಾನೇ ಬೆಳಗಿದೆ. ಖಾಲಿ ಗ್ಲಾಸು ಮೇಜಿನ ಮೇಲೆ ಇರುತ್ತದೆ. ಮನುಷ್ಯ ಕೂತ ಕೂಡಲೇ ಗಿಂಡಿ ಹೋಗಬೇಕು, ಅವನು ಸಾಕು ಅನ್ನುವವರೆಗೆ ಹೊಯ್ಯಬೇಕು, ಮುಗಿದರೆ ಪುನಃ ಹೋಗಬೇಕು. ಯಾರೂ ಕೇಳುವ ಹಾಗಾಗಬಾರದು.

ಹೊಯ್ಯುವ ಕೆಲಸ ಮಾಣಿ ಅಂಗಾರನಿಗೆ ಹಚ್ಚಿದೆ. ಒಂದು ಗಂಟೆಯಲ್ಲಿ ಒಬ್ಬ ಹೆಂಗಸಿನ ಪರ್ಸಿಗೆ ಹೊಯ್ದ. ಬೈದರೆ, "ನನಗಿರುದು ಎರಡೇ ಕೈ ಅಣ್ಣೇರೆ. ಒಂದರಲ್ಲಿ ದೋಸೆ, ಒಂದರಲ್ಲಿ ಗಿಂಡಿ. ಬಿಲ್ಲು ಬಾಯಲ್ಲಿ ಕಚ್ಚಿಕೊಳ್ಳುದಾ?" ಅಂದ.

ಹಾಗಾಗಿ ನಾನೇ ಗಲ್ಲಾದಿಂದ ಇಳಿದೆ. ಒಂದು ದಿನಕ್ಕೆ. ಗಲ್ಲಾದಲ್ಲಿ ಸುಮೇಧಾ, ಅದೂ ಒಂದು ದಿನಕ್ಕೆ. ದೊಡ್ಡ ನೋಟು ಬಂದರೆ ಎರಡು ಸಲ ಮುಟ್ಟಿ ನೋಡು ಅಂತ ಹೇಳಿ ಬೀಗದಕೈ ಕೊಟ್ಟೆ. ಸಂಜೆ ವಾಪಸು ತೆಗೆದುಕೊಂಡೆ.

ಮಂಡಿ ಸತ್ತಿದೆ. ಆದರೆ ಒಂದು ಮಾತು. ಯಾರಿಗೂ ಕಲಿಸಬೇಕಾಗಲಿಲ್ಲ. ಮರಾಠಿಯವನು, ಉತ್ತರದ ಕಡೆಯ ಭಯ್ಯಾ, ನಮ್ಮವನು, ಎಲ್ಲರೂ ಸಾಕಾದಾಗ ಅಂಗೈ ಅಡ್ಡ ತಂದರು.

ಮಾರ್ಚ್ 12

ಇನ್ನೂ ಒಂದು ದಿನ ಇಳಿಯಬೇಕಾಯಿತು. ಅಂಗಾರನನ್ನು ನಂಬಲಿಕ್ಕೆ ಆಗುದಿಲ್ಲ.

ಹೃಷೀಕೇಶ ಭಟ್ಟರು ಬಾಗಿಲಿನಿಂದ ಇಣುಕಿ ನೋಡಿ ಒಳಗೆ ಬಂದರು. ನಾನು ಗಿಂಡಿ ಹಿಡಿದು ಬಗ್ಗಿದ್ದು ಕಂಡು, "ಏನು ಮಾರಾಯ, ಶ್ರಾದ್ಧವಾ?" ಅಂದರು. ನಿಮ್ಮದು ಬಾಕಿ ಉಂಟಲ್ಲ ಅಂದೆ. ನಕ್ಕು ಇಡ್ಲಿ ತರಿಸಿಕೊಂಡರು. ಅವರ ಹೆಂಡತಿಗೆ ಆರು ತಿಂಗಳಿನಿಂದ ಕಣ್ಣು ಕಾಣುದಿಲ್ಲವಂತೆ, ಅದಕ್ಕೇ ಬೆಳಗ್ಗೆ ಇಲ್ಲಿಂದ ಇಡ್ಲಿ ಕಟ್ಟಿಸಿಕೊಂಡು ಹೋಗುದಂತೆ. ದಿನಾ ಪಾರ್ಸೆಲು ಕಟ್ಟಿಸುದನ್ನು ನೋಡುತ್ತಿದ್ದೆ, ಹೊಟ್ಟೆಬಾಕ ಅಂದುಕೊಂಡಿದ್ದೆ. ಗಲ್ಲಾದಿಂದ ಮನುಷ್ಯರ ಕೈ ಮಾತ್ರ ಕಾಣುದು.

ಒಳಗಿನ ಕೆಲಸವನ್ನೂ ಹಿಡಿದೆ. ಅಕ್ಕಿ, ಬೇಳೆ ತೊಳೆದ ನೀರು ನೆಲ ಒರೆಸಲಿಕ್ಕೆ. ತಟ್ಟೆಯ ಮೇಲೆ ಬಾಳೆಎಲೆಯ ತುಂಡು, ತಟ್ಟೆಗೆ ಜಿಡ್ಡು ಹತ್ತುದಿಲ್ಲ. ತೊಳೆಯಲಿಕ್ಕೆ ಮೂರು ಟಬ್ಬು. ದಾನಮ್ಮ ಒಪ್ಪಲಿಲ್ಲ. "ಮೂರನೇ ಟಬ್ಬಿನ ನೀರು ಹೊಲಸಾದ ಮ್ಯಾಲೂ ಅದರಾಗ ಕೈ ಹಾಕು ಅಂತೀರಿ. ನನ್ನ ಕೈ ನೋಡ್ರಿ." ನೋಡಿದೆ. ಬೆರಳಸಂದಿ ಬಿರಿದಿತ್ತು. ಗ್ಲೌಸು ತರಿಸು ಅಂತ ಸುಮೇಧಾಳಿಗೆ ಹೇಳಿದೆ. "ನಿನ್ನೆನೇ ತಂದಿದ್ದೇನೆ ಮಾವ" ಅಂದಳು. ಗಲ್ಲಾದಲ್ಲಿ ಕೂತವಳಿಗೆ ಇದೆಲ್ಲ ಎಂತಕ್ಕೆ ಗೊತ್ತಾಗುತ್ತದೋ.

ಮಾರ್ಚ್ 15

ಭಾನುವಾರ, ಸಿಕ್ಕಾಪಟ್ಟೆ ರಶ್ಶು. ಸಂಜೆ ಬೀಗದಕೈ ಕೇಳಲಿಕ್ಕೆ ಮರೆತೆ.

ಮಾರ್ಚ್ 18

ನಾಳೆ ಪಾಡ್ವ. ಅಂಬಾದಾಸ ರೀಡಿಂಗಿಗೆ ಬಂದ. ಕನ್ನಡಕ ಏರಿಸಿ ಮೀಟರಿನ ಎದುರು ಕುಕ್ಕರಗಾಲಿನಲ್ಲಿ ಕೂತ. ನಾನು ಗಿಂಡಿ ಹಿಡಿದೇ ಹಿಂದೆ ನಿಂತಿದ್ದೆ. ಒಳಗಿನಿಂದ ದಾನಮ್ಮ, ಅಂಗಾರ, ಎಲ್ಲರ ಕತ್ತು ಈಚೆ.

"ಭಾಳ ಇಳಿಸೀರಿ ಅಣ್ಣಾ. ಖರೆ ಹೇಳತೀನಿ, ನಾ ಅಂದುಕೊಂಡಿರಲಿಲ್ಲ." ಎದ್ದು ನಿಂತ. "ಆದ್ರ ಅರ್ಧ ಆಗಿಲ್ಲ."

ಎಷ್ಟು ಕಡಿಮೆ ಬಿತ್ತು ಅಂತ ಸುಮೇಧಾ ಕೇಳಿದಳು. ಸ್ವಲ್ಪ ಅಂದ. ಆ ಸ್ವಲ್ಪ ಎಂತದ್ದು ಅಂತ ನನಗೆ ಗೊತ್ತಿತ್ತು. ನಾನು ಹೊಯ್ಯುವ ನೀರು ಅದು. ಅವನಿಗೂ ಗೊತ್ತಿತ್ತು. "ಆ ಬೋರ್ಡ್ ಹಾಕ್ರಿ, ಆತು. ನನಗೂ ಮ್ಯಾಲಿನವರಿಗೆ ಜವಾಬು ಕೊಡಬೇಕಲ್ಲ. ನಾಲ್ಕನೇ ಮಾಳಿಗ್ಯಾಗ ಮಧ್ಯಾಹ್ನ ಆದ್ರ ನೀರು ಬರವಲ್ದು, ಹೆಣ್ಮಕ್ಕಳು ದಿನಾ ನನ್ನ ಬಾಗಿಲಿಗೆ ಬಂದು ನಿಲ್ಲತಾರ."

ಅದು ಸುಳ್ಳಲ್ಲ. ಅವನ ಮುಖವೂ ಬತ್ತಿತ್ತು. ಕೂತುಕೋ ಅಂದೆ. ಬೇಡ ಅಂದ. ಸೆಕ್ರೆಟರಿ ಆದರೂ ನನ್ನ ಹೋಟೆಲಿನಲ್ಲಿ ನಿಂತವನ ಹತ್ತಿರ ನಾನು ಮಾತಾಡುದಿಲ್ಲ ಅಂದೆ. ಕೂತ. ಗ್ಲಾಸಿಗೆ ಹೊಯ್ದೆ. ಅರ್ಧಕ್ಕೆ ಬಂತು. ಅವನು ಮೀಟರಿನ ಮಾತು ಆಡುತ್ತಲೇ ಅಂಗೈ ಅಡ್ಡ ಹಿಡಿದ.

ನಾನು ಗಿಂಡಿ ಎತ್ತಲಿಲ್ಲ, ಹಾಗೇ ಹಿಡಿದುಕೊಂಡೆ. ಅವನು ತಲೆ ಎತ್ತಿ ನೋಡಿದ.

"ನನ್ನ ಒಂದೊಂದು ಗ್ಲಾಸಿಗೂ ಅಡ್ಡ ಹಿಡಿಯಲಿಕ್ಕೆ ಒಂದು ಕೈ ಉಂಟು" ಅಂದೆ. "ಬೆಳಗ್ಗೆ ನಿಮ್ಮ ಟಾಕಿ ತುಂಬಿ ನನ್ನ ಹಿಂಬದಿಯ ಗೋಡೆ ಮೇಲೆ ಧೋ ಅಂತ ಸುರಿಯುತ್ತದಲ್ಲ, ಅದಕ್ಕೆ ಕೈ ಅಡ್ಡ ಹಿಡಿಯುವವರು ಯಾರು?"

ಅವನು ಮರಾಠಿಗೆ ಹೊರಳಲಿಲ್ಲ. ಕುಡಿದು ಮುಗಿಸಿ, "ಭಾನುವಾರ ಟೆರೇಸಿನಾಗ ಮೀಟಿಂಗ್ ಅದ. ಬಂದು ಇದನ್ನ ಅಲ್ಲಿ ಹೇಳ್ರಿ" ಅಂದ.

ಮಾರ್ಚ್ 22

ಕೋಲು ಊರಿಕೊಂಡು ನಾಲ್ಕು ಮಾಳಿಗೆ ಹತ್ತಿದೆ. ಲಿಫ್ಟು ಇವತ್ತೇ ಕೆಟ್ಟಿತ್ತು, ಅದೂ ಠರಾವ್ ಆಗಿತ್ತೋ ಏನೋ. ಸುಮೇಧಾ ಹಿಂದೆಯೇ ಬಂದಳು.

ಟಾಕಿಯ ಉಕ್ಕುವ ಪೈಪಿನ ಕೆಳಗೆ ಪಾಚಿ ಹಸಿರು ರತ್ನಗಂಬಳಿ ಹಾಸಿತ್ತು. ಅದರ ಪಕ್ಕ ಕುರ್ಚಿ ಹಾಕಿಕೊಂಡು ಕೂತು ನನ್ನ ನೀರಿನ ವಿಚಾರಣೆ. ಒಬ್ಬ ಹೇಳಿದ, ಮನೆಯವರಿಗೆ ಮೊದಲು, ಧಂದೆಯವರಿಗೆ ಆಮೇಲೆ. ಒಬ್ಬಳು ಹೇಳಿದಳು, ಅಣ್ಣಾ, ಒಂದು ಬೋರ್ಡು ಹಾಕಲಿಕ್ಕೆ ಎಂತ ಹಟ.

ನನ್ನ ಮರಾಠಿಯಲ್ಲಿ ಹೇಳಿದೆ. ಹಟವೇ. ವಾಲ್ವ್ ಬಂದ್ ಮಾಡುದಾದರೆ ಮಾಡಿ. ಒಂದು ಡ್ರಮ್ಮು ನೀರಿದ್ದರೆ ಒಂದು ಡ್ರಮ್ಮಿನಷ್ಟು ಅಡುಗೆ ಮಾಡುತ್ತೇನೆ, ಮುಗಿದ ಕೂಡಲೇ ಶಟರು ಎಳೆಯುತ್ತೇನೆ. ಅಲ್ಲಿಯವರೆಗೆ ಬಂದವನಿಗೆ ಅವನು ಬಾಯಿ ಬಿಡುವ ಮೊದಲೇ ನೀರು. ನನ್ನ ಹೋಟೆಲು ಮುಚ್ಚಿಸಬಹುದು, ಬೇಡಿಸುವ ಹೋಟೆಲು ಮಾಡಿಸಲಿಕ್ಕೆ ನಿಮ್ಮಿಂದ ಆಗುದಿಲ್ಲ. ಇಷ್ಟು ಹೇಳಿ ಪಾಚಿಯ ಮೇಲೆ ಕೋಲು ಊರಿ ನಿಂತೆ. ಜಾರಿತು. ಅಂಬಾದಾಸನೇ ಹಿಡಿದುಕೊಂಡ. ಎಲ್ಲರೂ ಪಾಚಿ ನೋಡಿದರು.

ಆಮೇಲೆ ಸುಮೇಧಾ ಮಾತಾಡಿದಳು. ಟಾಕಿ ಉಕ್ಕುದಕ್ಕೆ ನಾನು ಬೈದದ್ದನ್ನೇ ಅವಳು ದಿನಕ್ಕೆ ಎಷ್ಟು ನೀರು ಸುಮ್ಮನೆ ಹೋಗುತ್ತದೆ ಅಂತ ಲೆಕ್ಕ ಹಾಕಿ ಹೇಳಿದಳು, ಅದಕ್ಕೆ ಕುರ್ಚಿಗಳೆಲ್ಲ ಮುಂದೆ ಸರಿದವು. ಕೊನೆಗೆ ತೀರ್ಮಾನ: ಟಾಕಿಗೆ ನೀರು ತುಂಬಿದ ಕೂಡಲೇ ತಾನೇ ಪೈಪು ಮುಚ್ಚುವ ತೇಲುವ ಚೆಂಡು ಕೂಡಿಸುದು. ಸೋರುವ ನಲ್ಲಿ ಮನೆಮನೆಗೆ ಹೋಗಿ ರಿಪೇರಿ ಮಾಡಿಸುದು. ನನಗೆ ವಾಲ್ವ್ ಬೆಳಗ್ಗೆ ಒಂದು ಗಂಟೆ ಮಾತ್ರ, ಹಿಡಿದಿಟ್ಟುಕೊಳ್ಳುದು ನನ್ನ ಕರ್ಮ. ಬೋರ್ಡಿನ ಸುದ್ದಿ ಯಾರೂ ಎತ್ತಲಿಲ್ಲ.

ಇಳಿಯುವಾಗ ಸುಮೇಧಾ ಮುಂದೆ, ಅವಳ ಹೆಗಲು ಹಿಡಿದು ನಾನು. ಮಂಡಿನೋವಿಗೆ ಹಿಡಿದದ್ದು.

ಏಪ್ರಿಲ್ 20

ಬರೆಯಲಿಕ್ಕೆ ಪುರುಸೊತ್ತಿಲ್ಲ. ವಾರಕ್ಕೆ ಎರಡು ದಿನ ನೀರು ಬಂದ್. ಡ್ರಮ್ಮುಗಳ ನಡುವೆ ಅಡ್ಡ ತಿರುಗಿ ನಡೆಯಬೇಕು. ಟಾಕಿ ಈಗ ಉಕ್ಕುದಿಲ್ಲ, ಹಿಂದಿನ ಗೋಡೆ ಒಣಗಿ ಸುಣ್ಣ ಉದುರುತ್ತಿದೆ. ಅಂಗಾರನಿಗೆ ಎರಡನೇ ಗಿಂಡಿ ಕೊಟ್ಟೆ. ಹೊಯ್ಯುವಾಗ ಗಿರಾಕಿಯ ಮುಖ ನೋಡು, ಪರ್ಸು ನೋಡಬೇಡ ಅಂತ ಹೇಳಿಕೊಟ್ಟೆ.

ಮೇ 24

ಸ್ಟೇಷನ್ನಿನ ಬದಿಯ ಎರಡು ಹೋಟೆಲು ಮಧ್ಯಾಹ್ನ ಬಾಗಿಲು ಹಾಕಿವೆ. ಅಲ್ಲಿಯವರೂ ಇಲ್ಲಿಗೇ. ನಮ್ಮದೂ ಮೂರಕ್ಕೆ ನೀರು ಮುಗಿಯಿತು, ಶಟರು ಎಳೆದೆವು. ಎಳೆಯುವ ಮೊದಲು ಕೂತ ಒಬ್ಬನೂ ನೀರು ಕೇಳಬೇಕಾಗಲಿಲ್ಲ, ಒಬ್ಬನೂ ಕುಡಿಯದೆ ಹೋಗಲಿಲ್ಲ.

ಸಂಜೆ ಡಾಕ್ಟರ ಹತ್ತಿರ ಹೋಗಿದ್ದೆ. ಬಿ.ಪಿ. ಇಳಿದಿದೆಯಂತೆ. ಮಿಶಿನು ಹಾಳಾಗಿರಬೇಕು ಅಂದೆ.

ಜೂನ್ 19

ಮೂರು ದಿನದಿಂದ ಒಂದೇ ಸಮನೆ ಮಳೆ. ಕೋಪರಿಯ ರಸ್ತೆಯಲ್ಲಿ ಮೊಣಕಾಲು ನೀರು. ಬಂದವರೆಲ್ಲ ಛತ್ರಿ ಕೊಡವಿ ನೆಲ ಹಾಳು ಮಾಡುತ್ತಾರೆ, ಬೈದರೆ ನಗುತ್ತಾರೆ.

ಅಂಬಾದಾಸ ಬಂದು, ವಾಲ್ವ್ ಪೂರಾ ಬಿಟ್ಟೀನಿ ಅಣ್ಣಾ, ಇನ್ನ ಮೊದಲಿನಂಗ ಗ್ಲಾಸ್ ತುಂಬಿಸಿಟ್ಟು ಆರಾಮ ಕೂಡ್ರಿ ಅಂದ. ಮಳೆ ಬಂತು ಅಂತ ಕುಡಿಯುವವನ ಹೊಟ್ಟೆ ದೊಡ್ಡದಾಗುತ್ತದಾ, ಮುಂದಿನ ಬೇಸಿಗೆ ಬಾರದೆ ಇರುತ್ತದಾ ಅಂತ ಕೇಳಿದೆ. ಎರಡು ಗಿಂಡಿ ಸಾಲುದಿಲ್ಲ, ಮೂರನೆಯದು ತರಿಸಬೇಕು.

ಸೈದಪ್ಪ ತೊಯ್ದು ತೊಪ್ಪೆಯಾಗಿ ಬಂದ. ಹೊಯ್ದೆ. ಗ್ಲಾಸು ತುಂಬಿತು, ಕುಡಿದ. ನಾನು ಮುಂದಿನ ಮೇಜಿಗೆ ಹೋಗುವಷ್ಟರಲ್ಲಿ ಹಿಂದಿನಿಂದ, "ಅಣ್ಣಾ, ಇನ್ನೊಂದೀಟು ಹಾಕ್ರಲ್ಲ" ಅಂತ ಕೂಗಿದ. ಗಲ್ಲಾದವರೆಗೆ ಕೇಳುವ ಹಾಗೆ. ಬಾಯಿ ಉಂಟಲ್ಲ ಇವನಿಗೆ ಅಂದುಕೊಂಡೆ. ತಿರುಗಿ ಹೋಗಿ ಹೊಯ್ದೆ.

ರಶ್ಶು ಇಳಿದ ಮೇಲೆ ಸುಮೇಧಾ, "ಮಾವ, ಮಳೆ ಬಂತಲ್ಲ, ನೀವು ಪುನಃ ಗಲ್ಲಾಕ್ಕೆ ಬರ್ತೀರಾ?" ಅಂದಳು. ಬಾರದೆ ಎಂತ, ನಾನು ಒಂದು ದಿನಕ್ಕೆ ಅಂತ ಇಳಿದವನು. ನಾಳೆ ಶನಿವಾರ, ರಶ್ಶು. ಭಾನುವಾರ ಭಟ್ಟರು ಹೆಂಡತಿಯನ್ನು ಕೈಹಿಡಿದು ಕರೆದುಕೊಂಡು ಬರುತ್ತಾರಂತೆ, ಅವರಿಗೆ ಗ್ಲಾಸು ಎಲ್ಲುಂಟು ಅಂತ ಕೈಗೆ ಮುಟ್ಟಿಸಿ ಹೊಯ್ಯಬೇಕು, ಅದು ಅಂಗಾರನಿಂದ ಆಗುವ ಕೆಲಸ ಅಲ್ಲ. ಸೋಮವಾರ ಹತ್ತಿ ಕೂರುತ್ತೇನೆ.

ಗಲ್ಲಾದ ಬೀಗದಕೈ ಎಲ್ಲಿಟ್ಟಿದ್ದಾಳೆ ಅಂತ ಮೊದಲು ಅವಳನ್ನು ಕೇಳಬೇಕು.